ಹೊಗೆಗೆ ಎಷ್ಟು ನಿಮಿಷ

ಮಾರ್ಚ್ ೩

ಅಕ್ಕನಿಗೆ,

ನಮಸ್ಕಾರ. ಆರು ವರ್ಷದ ಮೇಲೆ ಬರೆಯುವ ಕಾಗದವನ್ನು ಹೇಗೆ ಶುರು ಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹಾಳು ಮಾಡಿದೆ. ಇದು ಮೂರನೆಯದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಸುಮ್ಮನಿದ್ದರೆ ಅದು ನನಗೆ ಕೇಳಿಸುತ್ತದೆ. ಕಾಗದದಲ್ಲಿ ಆ ಕಾಟ ಇಲ್ಲ.

ನಾನೀಗ ದಾದಿಯರ ತರಬೇತಿ ಹಾಸ್ಟೆಲಿನಲ್ಲಿ ಮುಖ್ಯ ಅಡುಗೆಯವನು. ನಾಲ್ಕು ವರ್ಷವಾಯಿತು. ಅಡುಗೆಮನೆ ಕೆಳಗೆ, ಅದರ ಮೇಲಿನ ಮೂರು ಅಂತಸ್ತಿನಲ್ಲಿ ನೂರಿಪ್ಪತ್ತು ಹುಡುಗಿಯರು. ಹಿತ್ತಲ ಕಡೆ ನನಗೊಂದು ಕೋಣೆ ಕೊಟ್ಟಿದ್ದಾರೆ.

ಕಳೆದ ತಿಂಗಳು ಹೊಸ ವಾರ್ಡನ್ ಬಂದರು. ಬಂದ ವಾರವೇ ಹುಡುಗಿಯೊಬ್ಬಳ ಮೊಟ್ಟೆಯಲ್ಲಿ ಕರಿ ಚಕ್ಕೆ ಸಿಕ್ಕಿತು. ಮೆಣಸಿನ ಚೂರೆಂದು ನಾನು ವಾದಿಸಿದೆ, ಬಾಣಲೆಯ ಲೇಪವೆಂದು ಅವರು ಸಾಧಿಸಿದರು. ಅಂಟದ ಬಾಣಲೆಗಳೆಲ್ಲ ಅವತ್ತೇ ಗುಜರಿಗೆ ಹೋದವು. ಉಗ್ರಾಣ ಹುಡುಕಿಸಿದಾಗ ಮುರಿದ ಮಂಚಗಳ ಕೆಳಗೆ ಹನ್ನೊಂದು ಬೀಡುಕಬ್ಬಿಣದ ಬಾಣಲೆ ಸಿಕ್ಕವು. ಯಾವ ಕಾಲದವೋ, ತುಕ್ಕು ಹಿಡಿದು ಹಳೆ ಗೋಡೆಯ ಹಾಗೆ ಉದುರುತ್ತಿವೆ.

"ಇವನ್ನ ತೊಳೆದು ಪಳಗಿಸಿ. ನಿಮ್ಮ ಕೈಲಿ ಆಗುತ್ತಲ್ಲ?" ಅಂದರು.

"ಧಾರಾಳವಾಗಿ" ಅಂದೆ.

ಧಾರಾಳವಾಗಿ ಅಂದದ್ದೇ ಧಾರಾಳ. ಅಪ್ಪನ ತಿಂಡಿ ಅಂಗಡಿಯಲ್ಲಿ ಈ ಕೆಲಸವೆಲ್ಲ ಅಮ್ಮನದು. ಪಳಗಿದ ಬಾಣಲೆಯಲ್ಲಿ ಬೇಯಿಸಿ ಗೊತ್ತೇ ಹೊರತು ಪಳಗಿಸಿ ನನಗೆ ಗೊತ್ತಿಲ್ಲ. ನೀನು ಇಪ್ಪತ್ತೆಂಟು ವರ್ಷದಿಂದ ಎರಕದ ಕಾರ್ಖಾನೆಯಲ್ಲಿ ಬೀಡನ್ನೇ ಬಡಿಯುತ್ತ ಇದ್ದೀಯ. ನಿನ್ನನ್ನಲ್ಲದೆ ಯಾರನ್ನು ಕೇಳಲಿ?

ದಯವಿಟ್ಟು ವಿವರವಾಗಿ ಬರೆ. ಎಷ್ಟು ಎಣ್ಣೆ, ಎಷ್ಟು ಉರಿ, ಎಷ್ಟು ನಿಮಿಷ. ಅಂದಾಜು ಬೇಡ, ಲೆಕ್ಕ ಬೇಕು.

ಇಲ್ಲಿ ಎಲ್ಲ ಕ್ಷೇಮ.

ನಿನ್ನ ತಮ್ಮ


ಮಾರ್ಚ್ ೧೪

ತಮ್ಮಯ್ಯ,

ಕಾಗದ ಬಂತು. ಬಾಣಲೆಯ ವಿಷಯ ಕೇಳಿದ್ದೀಯ, ಬಾಣಲೆಯ ವಿಷಯ ಹೇಳುತ್ತೇನೆ. ಅಮ್ಮ ಹೋದ ದಿನ ಆಸ್ಪತ್ರೆಯಲ್ಲಿ ಎಲ್ಲರೆದುರು ನಿನಗೆ ಹೇಳಿದ ಮಾತನ್ನು ನಾನಿನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಇದು ತಿಳಿದಿರಲಿ. ಆದರೆ ಆ ಹನ್ನೊಂದು ಬಾಣಲೆ ಏನು ಪಾಪ ಮಾಡಿವೆ?

ಮೊದಲು ಒಂದೊಂದನ್ನೂ ಹಿಡಿಯಿಂದ ಎತ್ತಿ, ಸೌಟಿನ ಹಿಂಬದಿಯಿಂದ ತಟ್ಟು. ಗಂಟೆಯ ಹಾಗೆ ಎಳೆದು ನುಡಿದರೆ ಗಟ್ಟಿ. ಹಲಗೆ ತಟ್ಟಿದ ಹಾಗೆ ಸತ್ತ ಸದ್ದು ಬಂದರೆ ಒಳಗೆ ಬಿರುಕಿದೆ, ಕಣ್ಣಿಗೆ ಕಾಣದಿದ್ದರೂ ಇದೆ. ಅಂಥದ್ದನ್ನು ಪಕ್ಕಕ್ಕಿಡು, ಉರಿ ತಾಗಿದ ದಿನ ಎರಡು ಹೋಳಾಗುತ್ತದೆ. ಇಲ್ಲಿ ದಿನಕ್ಕೆ ಇನ್ನೂರು ತುಂಡು ತಟ್ಟುತ್ತೇನೆ. ಕಿವಿಗೆ ಬೇರೆ ಕೆಲಸವೇ ಉಳಿದಿಲ್ಲ.

ಗಟ್ಟಿಯಾದವನ್ನು ಬಿಸಿನೀರು, ಸೋಪು, ಉಕ್ಕಿನ ನಾರು ಹಾಕಿ ಉಜ್ಜು. ಬೀಡಿಗೆ ಸೋಪು ತಾಕಿಸಲೇಬಾರದು ಅನ್ನುವವರ ಮಾತು ಕೇಳಬೇಡ. ತುಕ್ಕು ಬಿಡಿಸುವ ದಿನ ಸೋಪು ಸಲ್ಲುತ್ತದೆ, ಪಳಗಿದ ಮೇಲೆ ಸುಮ್ಮನೆ ಬಿಸಿನೀರು ಸಾಕು. ಬಿಡದ ತುಕ್ಕಿಗೆ ಒಂದು ಪಾಲು ವಿನೆಗರ್, ಒಂದು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಹಾಕು. ಅರ್ಧ ಗಂಟೆಯೆಂದರೆ ಅರ್ಧ ಗಂಟೆ. ಮರೆತು ಮಲಗಿದರೆ ತುಕ್ಕಿನ ಜೊತೆ ಬಾಣಲೆಯನ್ನೂ ತಿಂದುಬಿಡುತ್ತದೆ. ಬೂದು ಬಣ್ಣದ ಬೆತ್ತಲೆ ಲೋಹ ಕಂಡರೆ ನಿಲ್ಲಿಸು.

ಆಮೇಲೆ ಬಟ್ಟೆಯಲ್ಲಿ ಒರೆಸಿ, ಉರಿಯ ಮೇಲಿಟ್ಟು ಒಣಗಿಸು. ಗಾಳಿಗೆ ಒಣಗಲೆಂದು ಬಿಟ್ಟರೆ, ನೀನು ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪಾಗಿರುತ್ತದೆ. ಬೆಚ್ಚಗಿರುವಾಗಲೇ ಎಣ್ಣೆ ಹಚ್ಚು, ಒಳಗೆ, ಹೊರಗೆ, ಹಿಡಿಗೆ, ತಳಕ್ಕೆ. ಹಚ್ಚಿ, ಹಚ್ಚಿದ್ದೇ ತಪ್ಪಾಯಿತೆಂಬ ಹಾಗೆ ಪೂರ್ತಿ ಒರೆಸಿಬಿಡು. ನಮ್ಮ ಶೆಡ್ಡಿಗೆ ಹೊಸಬರು ಬಂದಾಗ ನಾನು ಹೇಳಿಕೊಡುವ ಸಾಲೊಂದಿದೆ, ನನ್ನದೇ ಕಟ್ಟು, ನಗಬೇಡ:

ಹಚ್ಚಿದ್ದು ಕಾಣಬಾರದು,
ಒರೆಸಿದ್ದು ಸಾಲಬಾರದು.

ನಿಮ್ಮಲ್ಲಿ ಬ್ರೆಡ್ ಸುಡುವ ಒಲೆ ಇದ್ದೇ ಇರುತ್ತದೆ. ಅದರೊಳಗೆ ಬಾಣಲೆಗಳನ್ನು ಬೋರಲು ಹಾಕಿ, ಬಾಗಿಲು ಮುಚ್ಚಿ, ಪೂರ್ತಿ ಉರಿ ಕೊಡು. ನಿಮಿಷದ ಲೆಕ್ಕ ನನ್ನ ಹತ್ತಿರ ಇಲ್ಲ, ಯಾರ ಹತ್ತಿರವೂ ಇರುವುದಿಲ್ಲ. ಒಲೆಯಿಂದ ಒಲೆಗೆ, ಎಣ್ಣೆಯಿಂದ ಎಣ್ಣೆಗೆ ಅದು ಬೇರೆ. ಬಾಗಿಲು ತೆರೆದು ಇಣುಕುವುದೂ ಬೇಡ. ಮೂಗೇ ಹೇಳುತ್ತದೆ: ಮೊದಲು ಹಸಿ ಎಣ್ಣೆಯ ವಾಸನೆ, ಆಮೇಲೆ ಕಮಟು, ಆಮೇಲೆ ಗಂಟಲು ಹಿಡಿಯುವ ಹೊಗೆ. ಆ ಹೊಗೆಯ ಘಾಟು ತಾನಾಗಿ ಇಳಿದು, ಬರೀ ಕಾದ ಕಬ್ಬಿಣದ ವಾಸನೆ ಉಳಿದಾಗ ಉರಿ ಆರಿಸು. ಒಳಗೇ ತಣಿಯಲಿ. ಹೀಗೆ ಆರು ಸಲ.

ಇಷ್ಟೇ. ನಾನೂ ಕ್ಷೇಮ.

ಅಕ್ಕ


ಏಪ್ರಿಲ್ ೨

ಅಕ್ಕನಿಗೆ,

ಹನ್ನೊಂದರಲ್ಲಿ ಎರಡು ಸತ್ತ ಸದ್ದು ಮಾಡಿದವು. ಉಳಿದ ಒಂಬತ್ತನ್ನು ಉಜ್ಜಿ ಉಜ್ಜಿ ನನ್ನ ಬೆರಳಚ್ಚು ಅಳಿಸಿಹೋಗಿದೆ. ಈಗ ಕಳ್ಳತನ ಮಾಡಿದರೂ ಸಿಕ್ಕಿಬೀಳುವುದಿಲ್ಲ.

ಪಾತ್ರೆ ತೊಳೆಯುವ ಸದ್ದಮ್ಮ ಜೊತೆಗೆ ಕೂತು ಉಜ್ಜಿದಳು. ಸದ್ದಮ್ಮ ಅವಳ ಹೆಸರಲ್ಲ. ಅವಳು ಪಾತ್ರೆ ಜೋಡಿಸಿದರೆ ಮೂರನೇ ಅಂತಸ್ತಿನ ಹುಡುಗಿಯರಿಗೆ ಬೆಳಗಾಗುತ್ತದೆ, ಅದಕ್ಕೆ ಅವರೇ ಇಟ್ಟ ಹೆಸರು. ಅವಳಿಗೂ ಒಪ್ಪಿಗೆಯಾಗಿದೆ.

ಆದರೆ ಪಳಗಿಸಿದ್ದು ಕೆಟ್ಟಿತು. ಮೊದಲ ಮೂರು ಬಾಣಲೆ ಮುಟ್ಟಿದರೆ ಅಂಟುತ್ತವೆ, ಬೆಲ್ಲದ ಪಾಕ ಬಳಿದ ಹಾಗೆ. ಎರಡನೇ ಸಲದ ಮೂರನ್ನು ಜಾಸ್ತಿ ಹೊತ್ತು ಬಿಟ್ಟೆ, ಹಚ್ಚಿದ ಎಣ್ಣೆಯೆಲ್ಲ ಉರಿದು ಬೂದಿಯಾಗಿ ಮತ್ತೆ ಬೆತ್ತಲೆ ಕಬ್ಬಿಣ ಕಂಡಿತು. ಮೂರನೇ ಸಲ ಎಣ್ಣೆಯೇ ಕೆಟ್ಟಿದ್ದಂತೆ. "ಇದೇನ್ ಅಡುಗೆಯೋರೇ, ಹಳೇ ಡಬ್ಬದ ತಳ ಬಳಿದ್ರಾ? ಮುಗ್ಗಲು ಹೊಡೀತಿದೆ" ಅಂತ ಸದ್ದಮ್ಮ ಮೂಗು ಮುಚ್ಚಿಕೊಂಡಳು. ಉಗ್ರಾಣದವನು ಯಾವ ಡಬ್ಬ ಕೊಟ್ಟನೋ ನಾನು ನೋಡಲಿಲ್ಲ.

ನೀನು ಹೇಳಿದ್ದು ಸರಿ, ಆದರೆ ನಮ್ಮ ಒಲೆಯ ಮೇಲೆ ಹೊಗೆ ಎಳೆಯುವ ಫ್ಯಾನಿದೆ. ವಾಸನೆಯೆಲ್ಲ ಅದೇ ಎಳೆದುಕೊಂಡು ಹೋಗುತ್ತದೆ, ಕೆಳಗೆ ನಿಂತವನಿಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಒಲೆ ಹಚ್ಚಿದಾಗಿನಿಂದ ಹೊಗೆ ಏಳಲು ಎಷ್ಟು ನಿಮಿಷ? ಅದು ಇಳಿಯಲು ಎಷ್ಟು? ಎಣ್ಣೆ ಕೆಟ್ಟಿದೆಯೋ ಇಲ್ಲವೋ ಅಂತ ಬಣ್ಣ ನೋಡಿ ಹೇಳಲು ಆಗುತ್ತದೆಯೇ? ಡಬ್ಬದ ಮೇಲಿನ ತಾರೀಕನ್ನು ನಂಬಬಹುದೇ?

ವಾರ್ಡನ್ ದಿನಕ್ಕೊಂದು ಸಲ ಬಂದು ಬೆರಳಿನಿಂದ ಬಾಣಲೆ ಮುಟ್ಟಿ ನೋಡುತ್ತಾರೆ. ಬೆರಳು ಅಂಟಿಕೊಳ್ಳುತ್ತದೆ. ಬಿಡಿಸಿಕೊಂಡು ಹೋಗುತ್ತಾರೆ. ಏನೂ ಅನ್ನುವುದಿಲ್ಲ. ಅಂದುಬಿಟ್ಟಿದ್ದರೆ ವಾಸಿಯಿತ್ತು.

ನಿನ್ನ ತಮ್ಮ


ಏಪ್ರಿಲ್ ೧೧

ತಮ್ಮಯ್ಯ,

ಅಂಟಿದ್ದಕ್ಕೆ ಕಾರಣ ಎಣ್ಣೆ ಹೆಚ್ಚು, ಉರಿ ಕಡಿಮೆ. ಅಂಟಿದ ಮೂರನ್ನು ಎಣ್ಣೆ ಸೋಕಿಸದೆ ಮತ್ತೆ ಒಲೆಯೊಳಗಿಡು, ಗಟ್ಟಿಯಾಗುತ್ತವೆ. ಮುಗ್ಗಲು ಎಣ್ಣೆ ಬಳಿದವನ್ನು ಮೊದಲಿನಿಂದ ಉಜ್ಜು. ಬಾಣಲೆಯ ವಿಷಯ ಇಲ್ಲಿಗೆ ಮುಗಿಯಿತು.

ಈಗ ಬೇರೆ ವಿಷಯ. ಮುಚ್ಚಿದ ಒಲೆಯೊಳಗೆ ಆರು ಸಲ ಎಣ್ಣೆ ಸುಟ್ಟರೆ ಅದರ ಘಾಟು ಫ್ಯಾನಿಗೂ ಬಗ್ಗುವುದಿಲ್ಲ, ಕೋಣೆಗೂ ಬಗ್ಗುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಲಾರಿಯ ಚಕ್ರದಷ್ಟು ದೊಡ್ಡ ಫ್ಯಾನುಗಳಿವೆ. ಆದರೂ ಸಂಜೆ ಮನೆಗೆ ಬಂದರೆ ನನ್ನ ತಲೆಗೂದಲೇ ಒಂದು ಕಾರ್ಖಾನೆ.

ಹತ್ತು ವರ್ಷದವನಿದ್ದಾಗ ನೀನು ಅಂಗಡಿಯ ಹೊಸಿಲಲ್ಲಿ ನಿಂತು, "ಅಮ್ಮಾ, ಮೇಲಿನ ಎಡಗಡೆ ಡಬ್ಬದ ಮುಚ್ಚಳ ಸರಿಯಾಗಿ ಹಾಕಿಲ್ಲ" ಅನ್ನುತ್ತಿದ್ದೆ. ಹಾಲು ಉಕ್ಕುವ ಮೊದಲೇ ಎದ್ದು ಓಡುತ್ತಿದ್ದೆ. ಬಂದ ಗಿರಾಕಿ ಯಾವ ಸೋಪಿನಲ್ಲಿ ಮುಖ ತೊಳೆದಿದ್ದಾನೆಂದು ಹೇಳಿ ಅಪ್ಪನ ಕೈಲಿ ಬೈಸಿಕೊಂಡಿದ್ದೆ. ಅಂಥವನು ನನಗೆ ಎರಡು ಕಾಗದದಲ್ಲಿ ಮೂರು ಸಲ ನಿಮಿಷ ಕೇಳಿದ್ದೀಯ. ಎಣ್ಣೆ ಕೆಟ್ಟಿದ್ದನ್ನು ಪಾತ್ರೆ ತೊಳೆಯುವವಳು ಹೇಳಿದ ಮೇಲೆ ತಿಳಿದುಕೊಂಡಿದ್ದೀಯ.

ನಾನು ಬೀಡು ತಟ್ಟಿ ನೋಡುವವಳು. ಸದ್ದು ಸರಿಯಿಲ್ಲದಿದ್ದರೆ ಬಿರುಕು ಎಲ್ಲಿದೆಯೆಂದು ಆಮೇಲೆ ಹುಡುಕುತ್ತೇನೆ, ಇದೆ ಅನ್ನುವುದು ಮೊದಲೇ ಗೊತ್ತಿರುತ್ತದೆ.

ಒಂದು ಚಿಂದಿ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದು. ಕಣ್ಣು ಮುಚ್ಚಿ ಮೂಗಿನ ಹತ್ತಿರ ಹಿಡಿ. ಏನು ಬಂತು, ಬರೆ.

ಅಕ್ಕ


ಮೇ ೫

ತಮ್ಮಯ್ಯ,

ಮೂರು ವಾರ ದಾಟಿತು. ಚಿಂದಿ ಏನು ಹೇಳಿತು?

ಅಕ್ಕ


ಮೇ ೧೬

ಅಕ್ಕನಿಗೆ,

ಇಲ್ಲಿ ಸೀಮೆಎಣ್ಣೆ ಸಿಗುವುದಿಲ್ಲ ಎಂದು ಒಂದು ಕಾಗದ ಬರೆದಿದ್ದೆ. ಅಂಚೆಗೆ ಹಾಕಲಿಲ್ಲ. ಸಿಗುತ್ತದೆ. ತಂದೆ, ಚಿಂದಿ ಅದ್ದಿದೆ, ಹಿಡಿದೆ. ನೀರಿನಲ್ಲಿ ಅದ್ದಿದ್ದರೂ ಅಷ್ಟೇ ಆಗುತ್ತಿತ್ತು.

ಕಳೆದ ನವೆಂಬರಿನಲ್ಲಿ ಜ್ವರ ಬಂದು ಹನ್ನೆರಡು ದಿನ ಮಲಗಿದ್ದೆ. ಎದ್ದಾಗ ಹೋಗಿತ್ತು. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಅಂದುಕೊಂಡೆ. ಹುರಿದ ಈರುಳ್ಳಿಗೂ ಒದ್ದೆ ಕಾಗದಕ್ಕೂ ನನಗೆ ವ್ಯತ್ಯಾಸವಿಲ್ಲ. ನಾಲಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತದೆ, ಉಳಿದದ್ದೆಲ್ಲ ಬರೀ ಬಿಸಿ ಇಲ್ಲ ತಣ್ಣಗೆ. ಮದುವೆಯಾಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆ.

ಹೇಗೆ ನಡೆಸುತ್ತಿದ್ದೇನೆಂದು ಕೇಳುತ್ತೀಯ. ಎಲ್ಲವನ್ನೂ ಅಳೆದು ಹಾಕುತ್ತೇನೆ, ಕಿಸೆಯಲ್ಲಿ ಗಡಿಯಾರ ಇಟ್ಟುಕೊಂಡಿದ್ದೇನೆ. ಬಡಿಸುವಾಗ ಮೊದಲ ಸಾಲಿನ ಹುಡುಗಿಯರ ಮುಖ ನೋಡುತ್ತೇನೆ. ಹುಬ್ಬು ಗಂಟಾದರೆ ಏನೋ ಸೀದಿದೆ, ತಟ್ಟೆ ಮತ್ತೆ ಬಂದರೆ ಎಲ್ಲ ಸರಿಯಿದೆ. ಆರು ತಿಂಗಳಿಂದ ನೂರಿಪ್ಪತ್ತು ಮೂಗುಗಳನ್ನು ಬಾಡಿಗೆ ಕೊಡದೆ ಬಳಸುತ್ತಿದ್ದೇನೆ.

ಮುಚ್ಚಿಡಬಾರದೆಂದರೆ ಇದನ್ನೂ ಹೇಳಬೇಕು. ಜನವರಿಯಲ್ಲಿ ಒಂದು ಬೆಳಗ್ಗೆ, ಐದು ಗಂಟೆಗೆ, ಅಡುಗೆಮನೆಗೆ ಹೋಗಿ ಕಡ್ಡಿಪೆಟ್ಟಿಗೆ ತೆಗೆದೆ. ಹಿಂದಿನಿಂದ ಸದ್ದಮ್ಮ ಬಂದು ಮಣಿಕಟ್ಟು ಹಿಡಿದಳು. "ಏನ್ ಅಡುಗೆಯೋರೇ, ಮೂಗು ಮನೇಲಿ ಬಿಟ್ಟು ಬಂದ್ರಾ? ಗ್ಯಾಸು!" ರಾತ್ರಿ ಒಂದು ಒಲೆಯ ಗುಂಡಿ ಅರ್ಧ ತೆರೆದೇ ಉಳಿದಿತ್ತು. ಅವಳು ಕಿಟಕಿಯೆಲ್ಲ ತೆರೆದಳು, ನಾನು ನೆಗಡಿ ಎಂದು ನಕ್ಕೆ. ಅವಳೂ ನಕ್ಕಳು. ಆಮೇಲೆ ಹಿತ್ತಲಿಗೆ ಹೋಗಿ ನಿಂತೆ. ಮೇಲಿನ ಮೂರೂ ಅಂತಸ್ತಿನ ಕಿಟಕಿಗಳಲ್ಲಿ ಒಗೆದ ಬಿಳಿ ಸಮವಸ್ತ್ರಗಳು ನೇತಾಡುತ್ತಿದ್ದವು.

ಆವತ್ತಿನಿಂದ ಮಲಗುವ ಮುಂಚೆ ಗುಂಡಿಗಳನ್ನು ಮೂರು ಸಲ ತಿರುವಿ ನೋಡುತ್ತೇನೆ. ಮತ್ತೆ ಹಾಗಾಗಿಲ್ಲ.

ವಾರ್ಡನ್ನಿಗೆ ಹೇಳು ಅನ್ನುತ್ತೀಯ, ಗೊತ್ತು. ಮೂಗಿಲ್ಲದ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಹದಿನಾರನೇ ವಯಸ್ಸಿನಿಂದ ನಾನು ಒಲೆಯ ಮುಂದೆ ನಿಂತವನು. ಈಗ ಐವತ್ತಕ್ಕೆ ಒಂದು ಕಮ್ಮಿ. ಇನ್ನೇನು ಕಲಿಯಲಿ, ಎಲ್ಲಿ ನಿಲ್ಲಲಿ? ಹುಷಾರಾಗಿದ್ದರೆ ನಡೆಯುತ್ತದೆ. ಅಪ್ಪನ ಕಣ್ಣು ಮಂಜಾದಾಗ ನಾನು ಸೌಟಿನ ಹಿಡಿಗೆ ಗೀರು ಹಾಕಿ, ಡಬ್ಬಗಳನ್ನು ಒಂದೇ ಸಾಲಿನಲ್ಲಿಟ್ಟು, ಎರಡು ವರ್ಷ ನಡೆಸಲಿಲ್ಲವೇ?

ಇದನ್ನು ಬರೆದ ಮೇಲೆ ಓದಿಕೊಂಡೆ. ಹೊಡೆದು ಹಾಕೋಣ ಅನ್ನಿಸಿತು. ಹಾಕಲಿಲ್ಲ.

ಯಾರಿಗೂ ಹೇಳಬೇಡ.

ನಿನ್ನ ತಮ್ಮ


ಜೂನ್ ೧

ತಮ್ಮಯ್ಯ,

ಎರಡು ವರ್ಷ ನಡೆಸಿದಿರಿ. ಎರಡು ವರ್ಷ ಹನ್ನೊಂದು ದಿನ. ಹನ್ನೆರಡನೇ ದಿನ ಅಪ್ಪ ಬಾಣಲೆಗೆಂದು ಸುರಿದ ಎಣ್ಣೆ ಬಾಣಲೆಯ ಅಂಚಿನಾಚೆ ಉರಿಯ ಮೇಲೆ ಬಿತ್ತು. ಪಕ್ಕದಲ್ಲಿ ಅವರ ಕಣ್ಣಾಗಿ ನಿಂತಿದ್ದವಳು ಅಮ್ಮ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ನಿನಗೆ ಗೊತ್ತಿದ್ದದ್ದನ್ನು ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ಹುಷಾರಾಗಿದ್ದರೆ ನಡೆಯುತ್ತದೆ ಎಂದು ಬರೆದವನಿಗೆ ಅದು ಮರೆತ ಹಾಗಿದೆ.

ಆ ಕೊನೆಯ ದಿನ ನಾನು ಎಲ್ಲರೆದುರು, "ಇವನಿಗೆ ಗೊತ್ತಿತ್ತು. ಅಪ್ಪನಿಗೆ ಕಣ್ಣು ಕಾಣಲ್ಲ ಅಂತ ಅಮ್ಮನ್ನ ಬಿಟ್ರೆ ಇವನೊಬ್ಬನಿಗೆ ಗೊತ್ತಿತ್ತು. ಬಾಯಿಬಿಟ್ಟಿದ್ರೆ ಅಮ್ಮ ಇರ್ತಿದ್ಲು" ಅಂದೆ. ನೀನು ತಲೆ ತಗ್ಗಿಸಿ ನಿಂತೆ. ಅಪ್ಪನೂ ಅಲ್ಲೇ ಕೂತಿದ್ದರು. ಆಮೇಲೆ ಬದುಕಿದ್ದ ಒಂದು ವರ್ಷ ಅವರು ಯಾರ ಹತ್ತಿರವೂ ಮಾತಾಡಲಿಲ್ಲ.

ಈಗ ನಾನು ಬರೆಯಬೇಕಾದ್ದು ಒಂದಿದೆ. ಇದಕ್ಕೆ ಪ್ರಾಸ ಸಿಗುವುದಿಲ್ಲ, ಹುಡುಕಲೂ ಇಲ್ಲ.

ಬೆಂಕಿಗೆ ಎರಡು ತಿಂಗಳ ಮುಂಚೆ, ಮಧ್ಯಾಹ್ನ ಅಂಗಡಿಗೆ ಬಂದಿದ್ದೆ. ನೀನು ತರಕಾರಿಗೆ ಹೋಗಿದ್ದೆ, ಅಮ್ಮ ಹಿಂದೆ ನೀರು ಹಿಡಿಯುತ್ತಿದ್ದಳು. ಅಪ್ಪನ ಎದುರು, ಎರಡಡಿ ದೂರದಲ್ಲಿ ನಿಂತೆ. ಅವರು ನನ್ನತ್ತ ಮುಖ ಎತ್ತಿ, "ಕೂತ್ಕೊಳ್ಳಿ ಸ್ವಾಮಿ, ಏನು ಕೊಡ್ಲಿ?" ಅಂದರು. ನಾನು ಉಸಿರೆತ್ತಲಿಲ್ಲ. ಬಾಣಲೆಯ ಅಂಚನ್ನು ಬೆರಳಿನಿಂದ ಸವರಿ, ಎಲ್ಲಿದೆಯೆಂದು ಗೊತ್ತುಮಾಡಿಕೊಂಡು, ಮೊಟ್ಟೆ ಒಡೆದು ಹಾಕಿದರು. ಬೆರಳ ತುದಿಯೆಲ್ಲ ಬೆಂದು ಗಟ್ಟಿಯಾಗಿತ್ತು. ನೀನು ಹಾಕಿದ ಗೀರುಗಳನ್ನೂ ನೋಡಿದೆ. ಎಲ್ಲ ತಿಳಿಯಿತು.

ಹೇಳಿದರೆ ಅಂಗಡಿ ಮುಚ್ಚಬೇಕು. ಮುಚ್ಚಿದರೆ ಇಬ್ಬರೂ ನನ್ನಲ್ಲಿಗೆ ಬರಬೇಕು, ನಿನಗಾಗ ನಿಲ್ಲಲು ನೆಲೆಯಿರಲಿಲ್ಲ. ನನ್ನದು ಒಂದು ಕೋಣೆ, ಒಂದು ಮಂಚ. ಇಪ್ಪತ್ತೆರಡು ವರ್ಷ ದುಡಿದು ಸಂಪಾದಿಸಿದ ಒಂದೇ ವಸ್ತುವೆಂದರೆ ಆ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮಾತಾಡದೆ ಹಿಂದಕ್ಕೆ ಬಂದು ನಾಲ್ಕು ಗಂಟೆಯ ಬಸ್ಸು ಹತ್ತಿದೆ. ಅಪ್ಪ ಮೊಟ್ಟೆ ತಟ್ಟೆಗೆ ಹಾಕಿ, "ಸ್ವಾಮಿ, ಸ್ವಾಮಿ" ಅಂತ ಕರೆಯುತ್ತಿದ್ದರು.

ಗೊತ್ತಿದ್ದದ್ದು ನಿನಗೊಬ್ಬನಿಗಲ್ಲ. ಆಸ್ಪತ್ರೆಯಲ್ಲಿ ನಿನ್ನ ಮೇಲೆ ಅಷ್ಟು ಜೋರಾಗಿ ಕೂಗಿದ್ದು ನನ್ನದು ಯಾರಿಗೂ ಕೇಳಿಸಬಾರದೆಂದು.

ನಿನ್ನ ಕ್ಷಮೆ ಕೇಳಲು ಇದನ್ನು ಬರೆದದ್ದಲ್ಲ. ಗೊತ್ತಿದ್ದು ಸುಮ್ಮನಿರುವುದು ಹೇಗಿರುತ್ತದೆಂದು ನನಗೆ ಗೊತ್ತು, ಅದನ್ನು ಇನ್ನೊಂದು ಸಲ ಮಾಡಲಾರೆ. ಈ ತಿಂಗಳ ಇಪ್ಪತ್ತಕ್ಕೆ ನನಗೆ ರಜೆ. ಅಷ್ಟರೊಳಗೆ ನೀನು ವಾರ್ಡನ್ನಿಗೆ ಹೇಳಿರಬೇಕು. ಹೇಳದಿದ್ದರೆ ಊಟದ ಹೊತ್ತಿಗೆ ಸರಿಯಾಗಿ ಬಂದು, ನಿನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಾನೇ ಹೇಳುತ್ತೇನೆ. ನನ್ನ ಗಂಟಲು ನಿನಗೆ ಗೊತ್ತು.

ಅಕ್ಕ


ಜೂನ್ ೧೨

ಅಕ್ಕನಿಗೆ,

ನಿನ್ನ ಕಾಗದ ಎಂಟನೇ ತಾರೀಕು ಬಂತು. ಓದಿ ಮಡಿಸಿಟ್ಟು, ಹೇಳುವುದಿಲ್ಲ ಎಂದೇ ತೀರ್ಮಾನಿಸಿದೆ. ನೀನು ಬರುವ ದಿನ ರಜೆ ಹಾಕಿ ಎಲ್ಲಾದರೂ ಹೋಗಿಬಿಡುವುದೆಂದೂ ಯೋಚಿಸಿದೆ. ಇದನ್ನು ನೀನು ತಿಳಿದುಕೊಂಡಿರುವುದು ಒಳ್ಳೆಯದು.

ಮರುದಿನ ನಿದ್ದೆ ಬಾರದೆ ಎಂದಿಗಿಂತ ಬೇಗ, ನಾಲ್ಕೂವರೆಗೇ ಎದ್ದು ಹೊರಟೆ. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೀಪವಿಲ್ಲ. ಕಳ್ಳರೆಂದುಕೊಂಡು ಬಾಗಿಲಲ್ಲೇ ನಿಂತೆ. ಕತ್ತಲೆಯಲ್ಲಿ ಯಾರೋ ಒಲೆಯಿಂದ ಒಲೆಗೆ ಬಗ್ಗಿ ಬಗ್ಗಿ ಹೋಗುತ್ತಿದ್ದರು. ಚಪ್ಪಲಿಯೂ ಇಲ್ಲದ ಕಾಲು, ಒಂದಿಷ್ಟೂ ಸದ್ದಿಲ್ಲ. ಕಿಟಕಿ ತೆರೆದಾಗ ಹಿತ್ತಲ ದೀಪದ ಬೆಳಕು ಬಿತ್ತು. ಸದ್ದಮ್ಮ.

"ಏನ್ ಮಾಡ್ತಿದೀಯ?" ಅಂದೆ.

"ಅಯ್ಯೋ, ಹೆದರಿಸಿಬಿಟ್ರಲ್ಲ! ಏನಿಲ್ಲ. ನೀವ್ ಬರೋ ಮುಂಚೆ ಒಂದ್ ಸುತ್ತು ಮೂಸಿ ಹೋಗ್ತೀನಿ. ದಿನಾ ಇದ್ದಿದ್ದೇ."

"ದಿನಾನಾ? ಯಾವಾಗಿಂದ?"

"ಕಡ್ಡಿಪೆಟ್ಟಿಗೆ ಹಿಡ್ಕೊಂಡಿದ್ರಲ್ಲ, ಆವತ್ತಿಂದ."

"ನೆಗಡಿ ಅಂದೆನಲ್ಲ."

"ಅಂದ್ರಿ. ಆಮೇಲೊಂದಿನ ಕೊಳೆತ ಮೊಟ್ಟೆ ಒಡೆದು ಬೋಗುಣಿಗೆ ಹಾಕಿ, ಮುಖ ಕೂಡ ಸಿಂಡರಿಸ್ದೆ ಕಲಸೋಕೆ ಹೋದ್ರಿ. ಬೋಗುಣಿ ಕೈಜಾರಿ ಬೀಳ್ಸಿದ್ದು ಯಾರು ಅನ್ಕೊಂಡ್ರಿ? ಬೈದ್ರಲ್ಲ ನನ್ನ, ನೆನಪಿದ್ಯಾ?"

ನೆನಪಿತ್ತು. ಚೆನ್ನಾಗಿಯೇ ಬೈದಿದ್ದೆ.

"ದೀಪ ಯಾಕೆ ಹಾಕಿಲ್ಲ?"

"ಗ್ಯಾಸು ತುಂಬಿದ್ರೆ? ಸ್ವಿಚ್ಚಿನ ಕಿಡೀನೇ ಸಾಕಂತೆ. ಅದಕ್ಕೆ ಕತ್ತಲಲ್ಲೇ ಮೊದ್ಲು ಕಿಟಕಿ ತೆಗೀತೀನಿ."

"ವಾರದ ರಜೆ?"

"ಎಲ್ಲಿ ರಜೆ! ಮಗಳು ಹೆತ್ತು ನಲವತ್ತು ದಿನ ಆಯ್ತು, ಇನ್ನೂ ಮಗು ಮುಖ ನೋಡಿಲ್ಲ. ನಾನ್ ಹೋದ್ರೆ ಬೆಳಿಗ್ಗೆ ಇಲ್ಲಿ ಯಾರು ನೋಡ್ತಾರೆ ನಿಮ್ಮನ್ನ?"

ಅವಳು ಇದನ್ನೆಲ್ಲ ದೂರಿನ ಹಾಗೆ ಹೇಳಲಿಲ್ಲ ಅಕ್ಕ. ಸೊಪ್ಪು ತಂದಿದ್ದೀನಿ ಅನ್ನುವ ಹಾಗೆ ಹೇಳಿದಳು. ಹೇಳಿ, ಒಲೆಯ ಎಡಗಡೆ ಗೋಡೆಗೆ ಒರಗಿ ನಿಂತಳು. ನಾನು ಹುಷಾರಾಗಿದ್ದೇನೆ, ಅದಕ್ಕೇ ನಡೆಯುತ್ತಿದೆ ಎಂದು ಐದು ತಿಂಗಳಿಂದ ಅಂದುಕೊಂಡಿದ್ದೆ. ಅಪ್ಪನೂ ಹಾಗೇ ಅಂದುಕೊಂಡಿದ್ದಿರಬೇಕು. ಅವರ ಪಕ್ಕದಲ್ಲಿ ಅಮ್ಮ ನಿಂತಿದ್ದಳು.

ಬೆಳಗಿನ ತಿಂಡಿ ಮಾಡಲಿಲ್ಲ. ವಾರ್ಡನ್ ಕೋಣೆಗೆ ಹೋಗಿ ಗ್ಯಾಸ್ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟೆ.

"ನನಗೆ ವಾಸನೆ ಬರೋದಿಲ್ಲ ಮೇಡಂ."

"ಏನಂದ್ರಿ?"

"ಏನೂ ವಾಸನೆ ಬರೋದಿಲ್ಲ. ಗ್ಯಾಸೂ ಬರೋದಿಲ್ಲ. ನವೆಂಬರಿಂದ."

ಅವರು ಚಾವಣಿ ನೋಡಿದರು. ಮೇಲೆ ಯಾರೋ ಬಕೆಟ್ ಎಳೆಯುವ ಸದ್ದು, ಯಾರೋ ನಗುವ ಸದ್ದು.

"ಮೇಲೆ ನೂರಿಪ್ಪತ್ತು ಮಕ್ಕಳು ಮಲಗಿರ್ತಾರೆ."

"ಹೌದು."

"ಹೌದು ಅಂತೀರಲ್ರೀ, ಅಷ್ಟು ಸಲೀಸಾಗಿ!"

ಆಮೇಲೆ ಬೈದರು. ಅರ್ಧ ಗಂಟೆ. ಬೈದದ್ದರಲ್ಲಿ ಒಂದು ಮಾತೂ ಹೆಚ್ಚಿರಲಿಲ್ಲ, ಆದ್ದರಿಂದ ನಾನೂ ಎದುರಾಡಲಿಲ್ಲ. ಗ್ಯಾಸು ಸೋರಿದರೆ ಕೂಗಿಕೊಳ್ಳುವ ಯಂತ್ರ ತರಿಸಲು ಅಲ್ಲೇ ಫೋನ್ ಮಾಡಿದರು. ನನ್ನನ್ನು ವೈದ್ಯರ ಹತ್ತಿರ ಕಳಿಸಿದರು. ಮೂಗು ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು ವೈದ್ಯರು. ಅಷ್ಟು ನನಗೂ ಗೊತ್ತಿತ್ತು. ಕೆಲಸದ ವಿಷಯ ಆಡಳಿತ ಮಂಡಳಿ ತಿಂಗಳ ಕೊನೆಯಲ್ಲಿ ನೋಡುತ್ತದಂತೆ. ಅಲ್ಲಿಯವರೆಗೆ ಬೆಂಕಿಯ ಹತ್ತಿರ ಹೋಗುವಂತಿಲ್ಲ. ಕತ್ತರಿಸುವುದು, ಉಜ್ಜುವುದು, ಎಣ್ಣೆ ಹಚ್ಚಿ ಒರೆಸುವುದು ನನ್ನ ಪಾಲು, ಒಲೆಯ ಮುಂದೆ ನಿಲ್ಲುವವರು ಬೇರೆ. ಆರು ಬಾಣಲೆ ಸರಿಯಾಗಿವೆ, ಮುಗ್ಗಲು ಎಣ್ಣೆಯ ಮೂರನ್ನು ಇವತ್ತು ಮತ್ತೆ ಉಜ್ಜಿದೆ. ಅಡುಗೆಯವರ ಟೋಪಿ ತೆಗೆದಿಟ್ಟಿದ್ದೇನೆ. ತಲೆ ತುಂಬ ಹಗುರ, ಅದು ಹಿತವಾಗಿಲ್ಲ.

ಸದ್ದಮ್ಮ ನಿನ್ನೆ ಬೆಳಗಿನ ಬಸ್ಸಿಗೆ ಮಗಳ ಮನೆಗೆ ಹೋದಳು.

ಇನ್ನು ನೀನು ಬರೆದದ್ದು. ನಾಲ್ಕು ಸಲ ಓದಿದೆ. ಕನಿಕರ ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಸಿಟ್ಟು ಬಂತು. ಆರು ವರ್ಷ ನಾನು ಕನ್ನಡಿಯಲ್ಲಿ ನೋಡಿಕೊಂಡದ್ದು ಅಮ್ಮನನ್ನು ಕೊಂದವನ ಮುಖವನ್ನು. ಆ ಕಡೆ ಇನ್ನೊಬ್ಬಳು ಅದನ್ನೇ ನೋಡಿಕೊಳ್ಳುತ್ತಿದ್ದಳೆಂದು ಗೊತ್ತಿದ್ದರೆ ಅಪ್ಪನ ಕೊನೆಯ ವರ್ಷ ಬೇರೆ ಇರುತ್ತಿತ್ತು. ನಾವು ಮೂವರೂ ಒಂದು ಕಡೆ ಕೂತು ಅಳಬಹುದಿತ್ತು.

ಇಪ್ಪತ್ತಕ್ಕೆ ಬಾ. ವಾರ್ಡನ್ನಿಗೆ ಹೇಳುವುದೇನೂ ಉಳಿದಿಲ್ಲ. ನಿನಗೆ ಹೇಳುವುದು ಬಹಳ ಇದೆ, ಅದರಲ್ಲಿ ಒಂದೂ ಒಳ್ಳೆಯ ಮಾತಲ್ಲ. ಅದನ್ನೆಲ್ಲ ಬರೆದು ಕಳಿಸಿ, ನೀನು ಆ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಒಬ್ಬಳೇ ಓದುವ ಹಾಗೆ ಮಾಡಲಾರೆ. ಎದುರಿಗೇ ಹೇಳುತ್ತೇನೆ.

ಮಧ್ಯಾಹ್ನದ ಬಸ್ಸು ಒಂದೂ ಕಾಲಿಗೆ ಬರುತ್ತದೆ. ನಿಲ್ದಾಣದಲ್ಲಿ ಇರುತ್ತೇನೆ.

ತಮ್ಮಯ್ಯ